ಸಹವಾಸವೊಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಕಾಲೇಜು ವಿದ್ಯಾರ್ಥಿಗಳು ಮಾದಕ ವಸ್ತುಗಳಿಗೆ ದಾಸರಾಗುವುದಕ್ಕೆ ಕೆಟ್ಟ ಸಹವಾಸವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಗೆಳೆಯರ ಒತ್ತಾಯಕ್ಕೆ ಮೊದಲ ಸಿಗರೇಟು ಹಚ್ಚುವವರು ಇದ್ದಾರೆ, ನಿಜ. ಆದರೆ ಹಾಗೆ ಹಚ್ಚಿದವರಲ್ಲಿ ಕೆಲವರು ಅಲ್ಲಿಗೇ ಬಿಟ್ಟು, ಇನ್ನು ಕೆಲವರು ಬಿಡಿಸಿಕೊಳ್ಳಲಾಗದೆ ಹೋಗುವುದೇಕೆ ಎಂಬ ಪ್ರಶ್ನೆಗೆ ಅದು ಉತ್ತರವಾಗದು. ವಿವೇಚನೆ, ಸಂಯಮಗಳಿಗೆ ಆಧಾರವಾದ ಮಿದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಸುಮಾರು 25ನೇ ವಯಸ್ಸಿನ ಹೊತ್ತಿಗೆ. ಇದರ ಜೊತೆಗೆ ಆನುವಂಶಿಕತೆಯೂ ಬಾಲ್ಯದ ಆಘಾತಗಳೂ ಸೇರಿದರೆ ಅಪಾಯ ಹೆಚ್ಚು.

ನನಗೆ ಹೆಚ್ಚು ಕಳವಳ ತರುವುದು ಯಾರೂ ಗುರುತಿಸದೆ ಉಳಿದುಹೋಗುವ ಆತಂಕ ಮತ್ತು ಖಿನ್ನತೆ. ಮನೆಯಿಂದ ದೂರವಿದ್ದು, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ಹುಡುಗನಿಗೆ ಒಂದು ಸಿಗರೇಟು ಮನಸ್ಸನ್ನು ಹಗುರಾಗಿಸಿದಂತೆ ತೋರುತ್ತದೆ. ರೂಢಿಯಾದ ಮೇಲೆ ಅದು ತಣಿಸುವ ಚಡಪಡಿಕೆಯ ಬಹುಪಾಲು ನಿಕೋಟಿನ್ ಸಿಗದಿರುವುದರಿಂದಲೇ ಹುಟ್ಟಿದ್ದು ಎಂಬುದು ಅವನಿಗೆ ತಿಳಿಯುವುದಿಲ್ಲ. ಎಚ್ಚರವಿರಲು ಒಂದು ಮಾತ್ರೆ, ನಿದ್ದೆ ಬರಲು ಇನ್ನೊಂದು ಎಂಬ ಸುತ್ತು ಶುರುವಾಗುವುದೂ ಹೀಗೆಯೇ. ವೈದ್ಯರೇ ಬರೆದುಕೊಡುವ ಔಷಧವೆಂಬ ಒಂದೇ ಕಾರಣಕ್ಕೆ ಅದರಿಂದ ಅಪಾಯವಿಲ್ಲವೆಂದು ನಂಬುವವರಲ್ಲಿ ಚೆನ್ನಾಗಿ ಓದುವ ಮಕ್ಕಳೂ ಇದ್ದಾರೆ.

ಸಿಕ್ಕಿಬಿದ್ದವರನ್ನು ಕಾಲೇಜಿನಿಂದ ಹೊರಹಾಕುವ ಕ್ರಮವಂತೂ, ನೆರವು ಕೇಳಬೇಕೆಂದಿದ್ದವರ ಬಾಯನ್ನೂ ಮುಚ್ಚಿಸುತ್ತದೆ. ಜೀವಕ್ಕೆ ಅಪಾಯವಿರುವ ಸಂದರ್ಭವನ್ನು ಬಿಟ್ಟು, ಆಪ್ತಸಮಾಲೋಚಕರ ಬಳಿ ಆಡಿದ ಮಾತು ಪ್ರಾಂಶುಪಾಲರಿಗಾಗಲಿ ಹೆತ್ತವರಿಗಾಗಲಿ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ತಲುಪುವುದಿಲ್ಲವೆಂಬ ಭರವಸೆಯನ್ನು ಕಾಲೇಜುಗಳು ಪ್ರವೇಶದ ದಿನವೇ ಲಿಖಿತವಾಗಿ ಕೊಡಲಿ.

– ಓರ್ವ ಉಪನ್ಯಾಸಕಿ