ಕಾರಿನ ಸಸ್ಪೆನ್ಷನ್: ರಿಪೇರಿ ಯಾವುದಕ್ಕೆ, ಹೊಸದು ಯಾವುದಕ್ಕೆ?

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳನ್ನು ಮನೆಯಂಗಳದಲ್ಲೇ ದುರಸ್ತಿ ಮಾಡಿಕೊಂಡು ಹಣ ಉಳಿಸಬಹುದೆಂಬ ಅರ್ಥದ ಪತ್ರವೊಂದು ಈಚೆಗೆ ತಮ್ಮ ವಾಚಕರ ವಿಭಾಗದಲ್ಲಿ ಪ್ರಕಟವಾಗಿತ್ತು. ಸಸ್ಪೆನ್ಷನ್‌ನ, ಅಂದರೆ ಚಕ್ರಗಳನ್ನು ಕಾರಿಗೆ ಸೇರಿಸಿ ರಸ್ತೆಯ ಕುಲುಕಾಟ ತಡೆಯುವ ಜೋಡಣೆಯ, ಯಾವ ಭಾಗವನ್ನಾದರೂ ಟರ್ನರ್ (ಲೇತ್ ಕೆಲಸದವರು) ಬಳಿ ಕೊಟ್ಟು ಸರಿಮಾಡಿಸಬಹುದು ಎಂದು ಅದರಲ್ಲಿ ಹೇಳಲಾಗಿತ್ತು. ಅದಕ್ಕೆ ಪ್ರತಿಯಾಗಿ ಬಂದ ಇನ್ನೊಂದು ಪತ್ರ ಎಲ್ಲವನ್ನೂ ಕಂಪನಿಯ ಹೊಸ ಭಾಗಗಳಿಂದಲೇ ಬದಲಿಸಬೇಕೆಂದು ವಾದಿಸಿತ್ತು. ಐಟಿಐಯ ಮೋಟಾರ್ ವಾಹನ ಮೆಕ್ಯಾನಿಕ್ ವಿಭಾಗದಲ್ಲಿ ಕಲಿಸಿ ನಿವೃತ್ತನಾದ ನನಗೆ ಈ ಎರಡು ಮಾತುಗಳೂ ಅರ್ಧ ಸತ್ಯವೆನಿಸಿದ್ದರಿಂದ ಈ ಪತ್ರ. ರಿಪೇರಿಯೋ ಹೊಸದೋ ಎಂಬುದನ್ನು ಭಾಗದ ಬೆಲೆ ನೋಡಿ ತೀರ್ಮಾನಿಸುವುದು ನಮ್ಮಲ್ಲಿರುವ ರೂಢಿ. ಓಡುತ್ತಿರುವಾಗ ಆ ಭಾಗ ಕೈಕೊಟ್ಟರೆ ಚಕ್ರಕ್ಕೆ ಏನಾಗುತ್ತದೆ ಎಂಬುದನ್ನು ಮೊದಲು ಕೇಳಿಕೊಂಡು ಆಮೇಲೆ ಬೆಲೆ ನೋಡಬೇಕು ಎಂಬುದು ನನ್ನ ನಿಲುವು.

ಇದು ಕೆಲವೇ ಹವ್ಯಾಸಿಗಳ ವಿಷಯವೆಂದು ಯಾರೂ ಭಾವಿಸಬೇಕಿಲ್ಲ. 1983ರಲ್ಲಿ ಬಂದ ಮಾರುತಿ 800ರ ತಯಾರಿಕೆ ನಿಂತದ್ದು 2014ರಲ್ಲಿ. ಓಮ್ನಿ ಮತ್ತು ಜಿಪ್ಸಿ 2019ರವರೆಗೂ ತಯಾರಾದವು. ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಮನೆಗಳ ಅಂಗಳದಲ್ಲಿ ಇವು ಇಂದಿಗೂ ದಿನನಿತ್ಯದ ಬಳಕೆಯಲ್ಲಿವೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿದ ಮೇಲೆ, ಅಷ್ಟು ಕಟ್ಟಿ ಕಾರು ಉಳಿಸಿಕೊಂಡವರು ಸಹಜವಾಗಿಯೇ ಬಿಡಿಭಾಗಗಳ ಖರ್ಚಿನಲ್ಲಿ ಕೈ ಬಿಗಿ ಹಿಡಿಯುತ್ತಾರೆ. ರಿಪೇರಿಯ ಆಸೆ ಹುಟ್ಟುವುದು ಇಲ್ಲಿ.

ಧೈರ್ಯವಾಗಿ ದುರಸ್ತಿ ಮಾಡಬಹುದಾದ ಭಾಗವನ್ನೇ ಮೊದಲು ನೋಡೋಣ. ಚಕ್ರವನ್ನು ಕೆಳಗಿನಿಂದ ಕಾರಿನ ಚೌಕಟ್ಟಿಗೆ ಹಿಡಿದಿಡುವ ಲೋವರ್ ಆರ್ಮ್‌ನ ಬುಷ್ ಎಂದರೆ ಒಳಗೊಂದು, ಹೊರಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಬಿಗಿಯಾಗಿ ಅಂಟಿಕೊಂಡ ರಬ್ಬರ್. ಚಕ್ರ ಮೇಲೆ ಕೆಳಗೆ ಆಡುವಾಗ ಈ ಬುಷ್ ತನ್ನ ಜಾಗದಲ್ಲಿ ಜಾರುವುದಿಲ್ಲ. ರಬ್ಬರು ತಿರುಚಿಕೊಂಡು ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತದೆ. ರಬ್ಬರು ಹರಿದಾಗ ಹೊಂಡಗಳಲ್ಲಿ ಕಟಕಟ ಸದ್ದು ಬರುತ್ತದೆ, ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ, ಟಯರ್ ಒಂದು ಅಂಚಿನಲ್ಲಿ ಸವೆಯುತ್ತದೆ. ಆದರೂ ಬೋಲ್ಟು ಆರ್ಮನ್ನು ಹಿಡಿದುಕೊಂಡೇ ಇರುತ್ತದೆ. ಎಚ್ಚರಿಕೆ ಕೊಟ್ಟು ಹಾಳಾಗುವ ಇಂಥ ಭಾಗಕ್ಕೆ ಹೊಸ ಬುಷ್ ಹಾಕಿ ಹಳೆಯ ಆರ್ಮನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಬುಷ್‌ನ ಬೆಲೆ ನೂರರ ಲೆಕ್ಕದಲ್ಲಿದ್ದರೆ ಇಡೀ ಆರ್ಮ್‌ನ ಬೆಲೆ ಸಾವಿರದ ಲೆಕ್ಕಕ್ಕೆ ಹೋಗುತ್ತದೆ.

ಆದರೆ ಮನೆಯಲ್ಲಿ ಹಾಕಿದ ಬುಷ್‌ಗಳು ಕೆಲವೇ ತಿಂಗಳಲ್ಲಿ ಮತ್ತೆ ಹರಿಯುತ್ತವೆ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ, ಮತ್ತು ಅದರ ಹೊಣೆಯನ್ನು ಬುಷ್ ತಯಾರಿಸಿದವರ ಮೇಲೆ ಹೊರಿಸಲಾಗುತ್ತದೆ. ಬಹಳಷ್ಟು ಸಲ ಕಾರಣ ಬೇರೆಯೇ ಇರುತ್ತದೆ. ಜಾಕಿನ ಮೇಲೆ ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿ ಮಾಡಿಬಿಟ್ಟರೆ, ಕಾರನ್ನು ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲಿರುತ್ತದೆ. ರಸ್ತೆಯ ಪ್ರತಿ ಹೊಂಡವೂ ಆ ತಿರುಚನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬೋಲ್ಟನ್ನು ಕೈಬಿಗಿಯಷ್ಟೇ ಮಾಡಿ, ಕಾರಿನ ಭಾರ ಚಕ್ರದ ಮೇಲೆ ಬಂದ ನಂತರ, ಟಾರ್ಕ್ ರೆಂಚ್‌ನಿಂದ ನಿಗದಿತ ಬಿಗಿ ಕೊಡಬೇಕು. ಹಳೆಯ ಬುಷ್ ಯಾವ ದಿಕ್ಕಿಗೆ ಕೂತಿತ್ತೆಂದು ತೆಗೆಯುವ ಮೊದಲೇ ಆರ್ಮ್ ಮೇಲೆ ಗುರುತು ಹಾಕಿಕೊಳ್ಳಬೇಕು, ಏಕೆಂದರೆ ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಖಾಲಿ ಜಾಗ ಬಿಟ್ಟಿರುತ್ತಾರೆ ಮತ್ತು ಅದು ಒಂದು ನಿರ್ದಿಷ್ಟ ದಿಕ್ಕಿಗೇ ಇರಬೇಕಾಗುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ತಗಡಿನಿಂದ ಒತ್ತಿ ಮಾಡಿದ ಆರ್ಮ್‌ನ ಕಣ್ಣು ಅಂಡಾಕಾರಕ್ಕೆ ಹೋಗುತ್ತದೆ. ಗ್ಯಾಸ್ ಉರಿಯಿಂದ ರಬ್ಬರು ಸುಟ್ಟು ತೆಗೆಯುವುದೂ ಬೇಡ. ಆ ಹೊಗೆ ವಿಷ. ಹತ್ತಿರದ ಟರ್ನಿಂಗ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಹಳೆಯದನ್ನು ತೆಗೆಸಿ ಹೊಸದನ್ನು ಒತ್ತಿಸಿಕೊಂಡು ಬಂದರೆ ಉಳಿದ ಕೆಲಸ ಮನೆಯಲ್ಲೇ ಆಗುತ್ತದೆ. ಆರ್ಮ್ ಕೈಯಲ್ಲಿರುವಾಗ ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ವೆಲ್ಡಿಂಗ್ ಅಂಚುಗಳಲ್ಲಿ ಬಿರುಕಿದೆಯೇ ಎಂದು ನೋಡಿ, ರೆಡ್ ಆಕ್ಸೈಡ್ ಬಳಿಯಬಹುದು. ಕುಮಟಾ, ಹೊನ್ನಾವರದಂಥ ಕಡಲ ಬದಿಯ ಊರುಗಳ ಕಾರುಗಳಲ್ಲಿ ಉಪ್ಪುಗಾಳಿಗೆ ತಗಡೇ ತೆಳುವಾಗಿರುವುದುಂಟು. ಸ್ಕ್ರೂಡ್ರೈವರ್‌ನಿಂದ ಕುಟ್ಟಿದಾಗ ತುಕ್ಕು ಪದರಪದರವಾಗಿ ಎದ್ದುಬಂದರೆ ಆ ಆರ್ಮನ್ನು ಗುಜರಿಗೆ ಹಾಕಿ ಹೊಸದನ್ನೇ ತರಬೇಕು.

ಆರ್ಮ್‌ನ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟ್ ಇದಕ್ಕೆ ತೀರ ವಿರುದ್ಧ ಜಾತಿಯದು. ಅದರೊಳಗಿನ ಗುಂಡು ಬಟ್ಟಲಿನಿಂದ ಕಳಚಿದರೆ ಚಕ್ರ ಮಡಚಿಕೊಂಡು ಕಾರು ನೆಲಕ್ಕೆ ಕೂರುತ್ತದೆ. ಸ್ಟಿಯರಿಂಗ್ ಹಿಡಿದವರು ಆಗ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ದೇವಿಮನೆ ಘಾಟಿಯ ತಿರುವಿನಲ್ಲಿ ಹೀಗಾದರೆ ಏನು ಗತಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸವೆದ ಬಾಲ್ ಜಾಯಿಂಟಿನ ಬಟ್ಟಲನ್ನು ಪ್ರೆಸ್‌ನಲ್ಲಿ ಒತ್ತಿ ಬಿಗಿ ಮಾಡಿಕೊಡುವವರೂ, ಅಂಚಿಗೆ ವೆಲ್ಡಿಂಗ್ ಮಾಡಿಕೊಡುವವರೂ ಇದ್ದಾರೆ. ಕೈಯಲ್ಲಿ ಅಲುಗಿಸಿದರೆ ಅಂಥ ಜಾಯಿಂಟ್ ಹೊಸದರಂತೆಯೇ ಬಿಗಿಯಾಗಿರುತ್ತದೆ. ಆದರೆ ಸವೆದ ಲೋಹ ಮರಳಿ ಬಂದಿರುವುದಿಲ್ಲ, ವೆಲ್ಡಿಂಗ್ ಮಾಡಿದ್ದರೆ ಒಳಗಿನ ಪ್ಲಾಸ್ಟಿಕ್ ಪದರ ಬಿಸಿಗೆ ಕರಗಿರುತ್ತದೆ. ಸ್ಟಿಯರಿಂಗ್‌ನ ತಿರುವನ್ನು ಚಕ್ರಕ್ಕೆ ತಲುಪಿಸುವ ಟೈ ರಾಡ್ ಎಂಡ್‌ಗೂ ಇದೇ ಮಾತು. ಇವೆರಡನ್ನು ರಿಪೇರಿ ಮಾಡುವ ಪ್ರಶ್ನೆಯೇ ಇಲ್ಲ. ಇವುಗಳ ನಟ್ಟು ಸಡಿಲವಾಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ನನ್ನೂ ಸೆಲ್ಫ್ ಲಾಕ್ ನಟ್ಟನ್ನೂ ಎರಡನೇ ಸಲ ಬಳಸಕೂಡದು.

ಇದರಲ್ಲಿ ಒಂದೇ ಒಂದು ವಿನಾಯಿತಿಯುಂಟು. ಬಾಲ್ ಜಾಯಿಂಟಿನ ರಬ್ಬರ್ ಬೂಟ್ (ಹೊದಿಕೆ) ಹರಿದಿದ್ದು, ಒಳಗೆ ಇನ್ನೂ ಕೆಸರು ಹೋಗಿಲ್ಲವಾದರೆ, ಹಳೆಯ ಗ್ರೀಸ್ ಒರೆಸಿ, ಹೊಸ ಗ್ರೀಸ್ ತುಂಬಿ, ಹೊಸ ಬೂಟ್ ಹಾಕಿದರೆ ಜಾಯಿಂಟ್ ಬಹುಕಾಲ ಬಾಳುತ್ತದೆ. ಮಳೆಗಾಲಕ್ಕೆ ಮೊದಲು ಕಾರಿನ ಕೆಳಗೆ ಟಾರ್ಚ್ ಹಿಡಿದು ಒಮ್ಮೆ ನೋಡುವುದು ಇದಕ್ಕಾಗಿ. ಜುಲೈ ತಿಂಗಳ ಕೆಂಪು ಕೆಸರು ಒಮ್ಮೆ ಒಳಹೊಕ್ಕರೆ ಅದು ಉಜ್ಜುವ ಮರಳಿನಂತೆ ಗುಂಡನ್ನೂ ಬಟ್ಟಲನ್ನೂ ತಿನ್ನುತ್ತದೆ. ಆಮೇಲೆ ಬೂಟ್ ಹಾಕಿ ಪ್ರಯೋಜನವಿಲ್ಲ. ಸಮಸ್ಯೆಯೆಂದರೆ ಹಲವು ಸಣ್ಣ ಕಾರುಗಳಲ್ಲಿ ಬಾಲ್ ಜಾಯಿಂಟ್ ಆರ್ಮ್‌ನೊಂದಿಗೇ ಸೇರಿ ಬರುತ್ತದೆ, ಬೂಟ್ ಬೇರೆಯಾಗಿ ಸಿಗುವುದು ಕಷ್ಟ.

ಸಡಿಲ ಎಲ್ಲಿದೆ ಎಂದು ತಿಳಿಯಲು ಗ್ಯಾರೇಜಿಗೇ ಹೋಗಬೇಕೆಂದಿಲ್ಲ. ಚಕ್ರ ನೆಲದಿಂದ ಎತ್ತಿರುವಾಗ ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಆಟವಿದ್ದರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಬೇಕು. ಆಟ ಮಾಯವಾದರೆ ದೋಷ ಚಕ್ರದ ಬೇರಿಂಗ್‌ನದು. ಉಳಿದರೆ ಬಾಲ್ ಜಾಯಿಂಟ್‌ನದಾಗಿರುವ ಸಂಭವವೇ ಹೆಚ್ಚು. ಎಡಬಲಕ್ಕೆ ಮಾತ್ರ ಆಟವಿದ್ದರೆ ಟೈ ರಾಡ್ ಎಂಡ್ ನೋಡಬೇಕು. ಕಾರನ್ನು ಎತ್ತಿದ ಮೇಲೆ ಹಾಲೋ ಬ್ಲಾಕ್ ಅಥವಾ ಚಿರೇಕಲ್ಲು ಕೊಟ್ಟು ಕೆಳಗೆ ನುಸುಳುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಅವು ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತವೆ. ಕಾರಿನೊಂದಿಗೆ ಬಂದ ಜಾಕಿ ಇರುವುದು ಟಯರ್ ಬದಲಿಸಲಷ್ಟೆ. ಕೆಲಸಕ್ಕೆ ಉಕ್ಕಿನ ಆಕ್ಸಲ್ ಸ್ಟ್ಯಾಂಡ್‌ಗಳೇ ಬೇಕು.

ಶಾಕ್ ಅಬ್ಸಾರ್ಬರ್ ವಿಚಾರದಲ್ಲಿ ಮೋಸವೇ ಹೆಚ್ಚು. ಬೈಕಿನ ಮುಂದಿನ ಫೋರ್ಕ್ ಬಿಚ್ಚಿ ಆಯಿಲ್ ಸೀಲ್ ಬದಲಿಸುವುದು ಸರಿಯಾದ, ತಯಾರಕರೇ ಒಪ್ಪಿದ ಕೆಲಸ. ಅದನ್ನು ನೋಡಿದವರು ಕಾರಿನದನ್ನೂ ಹಾಗೇ ಮಾಡಬಹುದೆಂದು ನಂಬುತ್ತಾರೆ. ಮೇಲಿನ ಮುಚ್ಚಳ ತಿರುಗಿಸಿ ಬಿಚ್ಚುವಂಥ ಹಳೆಯ ಮಾದರಿಗಳನ್ನು ಬಿಟ್ಟರೆ ಇಂದಿನ ಶಾಕ್ ಅಬ್ಸಾರ್ಬರ್‌ಗಳು ಬಾಯಿ ಮುಚ್ಚಿ ಸೀಲಾದಂಥವು, ಹಲವದರಲ್ಲಿ ನೈಟ್ರೋಜನ್ ಅನಿಲ ಒತ್ತಡದಲ್ಲಿರುತ್ತದೆ. 'ರೀಕಂಡಿಷನ್' ಎಂಬ ಹೆಸರಿನಲ್ಲಿ ಇವಕ್ಕೆ ತೂತು ಕೊರೆದು, ಸಿಕ್ಕ ಎಣ್ಣೆ ತುಂಬಿ, ಬೆಸುಗೆ ಹಾಕಿ, ಕಪ್ಪು ಬಣ್ಣ ಬಳಿದು ಮಾರಲಾಗುತ್ತದೆ. ತಯಾರಕರ ಗುರುತಿನ ಮೇಲೂ ಬಣ್ಣ ಬಿದ್ದಿದ್ದರೆ, ಕೈಯಲ್ಲಿ ಒತ್ತಿದಾಗ ಮೊದಲಿಗೆ ಸ್ವಲ್ಪ ದೂರ ಖಾಲಿಯಾಗಿ ಜಾರಿ ಆಮೇಲೆ ಹಿಡಿದರೆ, ಅಂಥದ್ದನ್ನು ತರಬಾರದು. ಎಂಜಿನ್ ಆಯಿಲ್ ತುಂಬಿದ ಶಾಕ್ ತಣ್ಣಗಿರುವಾಗ ಗಟ್ಟಿಯಾಗಿ, ಬಿಸಿಯಾದಾಗ ಸಡಿಲವಾಗಿ ವರ್ತಿಸುತ್ತದೆ. ಹೊಸದನ್ನೇ ಹಾಕಬೇಕು, ಮತ್ತು ಎಡಬಲ ಜೋಡಿಯಾಗಿ ಹಾಕಬೇಕು.

ಮುಂದಿನ ಸ್ಟ್ರಟ್‌ನ (ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಂದಾಗಿರುವ ಜೋಡಣೆ) ಸ್ಪ್ರಿಂಗ್ ಬಿಚ್ಚುವುದನ್ನು ಮಾತ್ರ ನಾನು ಮನೆಗೆ ಬಿಡಲಾರೆ. ಏಳೆಂಟು ನೂರು ಕೆಜಿ ತೂಗುವ ಕಾರಿನ ಮುಂದಿನ ಒಂದೊಂದು ಚಕ್ರದ ಮೇಲೆ ಸುಮಾರು 200 ಕೆಜಿಯಷ್ಟು ಭಾರ ಬೀಳುತ್ತದೆ; ಅದನ್ನು ಹೊರುವ ಸ್ಪ್ರಿಂಗ್, ಸ್ಟ್ರಟ್ ಹೊರತೆಗೆದ ಮೇಲೂ ಅದುಮಿಟ್ಟ ಸ್ಥಿತಿಯಲ್ಲೇ ಇರುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಹಾಕದೆ ಮೇಲಿನ ನಡುವಿನ ನಟ್ಟನ್ನು ಬಿಚ್ಚಿದರೆ ಸ್ಪ್ರಿಂಗ್ ಎದುರಿಗಿದ್ದವರ ಮುಖಕ್ಕೆ ಹಾರುತ್ತದೆ. ಸ್ಟ್ರಟ್ ಬಿಚ್ಚಿ ಗ್ಯಾರೇಜಿಗೆ ಒಯ್ದು, ಅಲ್ಲಿನ ಪ್ರೆಸ್‌ನಲ್ಲಿ ಸ್ಪ್ರಿಂಗ್ ತೆಗೆಸಿ, ತಂದು ಜೋಡಿಸಿಕೊಂಡರೂ ಕೂಲಿ ಉಳಿಯುತ್ತದೆ. ಕುಗ್ಗಿದ ಸ್ಪ್ರಿಂಗ್‌ನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿ ಎತ್ತರ ಮಾಡುವ ಉಪಾಯವನ್ನು ಬಿಡಿಭಾಗದ ಅಂಗಡಿಯವರು ಸಲೀಸಾಗಿ ಹೇಳಿಬಿಡುತ್ತಾರೆ. ಒಂದೆರಡು ಸುತ್ತು ಕೆಲಸ ನಿಲ್ಲಿಸಿದ್ದರಿಂದ ಮಿಕ್ಕ ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತದೆ, ಕಾರು ಒರಟಾಗುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಹಿಗ್ಗಿಸಿದ ಕಾಯಿಲ್ ಸ್ಪ್ರಿಂಗ್ ತನ್ನ ಹದವನ್ನೇ ಕಳೆದುಕೊಂಡಿರುತ್ತದೆ. ಓಮ್ನಿಯ ಹಿಂದಿನ ಕಮಾನು ಪಟ್ಟಿಗಳ (ಲೀಫ್ ಸ್ಪ್ರಿಂಗ್) ಕಥೆ ಬೇರೆ. ಮುರಿದ ಒಂದು ಪಟ್ಟಿಯನ್ನಷ್ಟೇ ಬದಲಿಸಿ, ಪಟ್ಟಿಯ ತುದಿಯನ್ನು ಕಾರಿಗೆ ಸೇರಿಸುವ ಶ್ಯಾಕಲ್‌ನ ಸವೆದ ಬುಷ್ ತೆಗೆದು ಹೊಸದು ಹಾಕಿ, ಕಮಾನು ಕೆಲಸದ ಅನುಭವಿಗಳಿಂದ ತಣ್ಣಗೆ ಬಡಿಸಿ ಬಾಗು ಸರಿಪಡಿಸಿಕೊಳ್ಳುವುದು ಹಿಂದಿನಿಂದಲೂ ನಡೆದುಬಂದ, ನಂಬಬಹುದಾದ ಕೆಲಸ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ವಾಟರ್ ಸರ್ವೀಸ್ ಆದ ಮೇಲೆ ಕಾರಿನ ಅಡಿಗೆಲ್ಲ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವುದನ್ನು ನಮ್ಮವರು ದೊಡ್ಡ ಉಪಚಾರವೆಂದು ತಿಳಿದಿದ್ದಾರೆ. ತಗಡಿಗೆ ಅದರಿಂದ ಒಂದಿಷ್ಟು ಪ್ರಯೋಜನವಿದ್ದೀತು. ಬುಷ್‌ನ ರಬ್ಬರು ಮಾತ್ರ ಎಣ್ಣೆಗೆ ಉಬ್ಬಿ ಮೆತ್ತಗಾಗಿ ಬೇಗ ಹರಿಯುತ್ತದೆ. ಹೊಸ ಬುಷ್ ಹಾಕಿಸಿಕೊಂಡವರು ಇದನ್ನು ಬೇಡವೆಂದು ಮೊದಲೇ ಹೇಳಬೇಕು.

ಹೊಸ ಭಾಗ ಕೊಳ್ಳುವವರಿಗೆ ಈಗ ಸ್ವಲ್ಪ ಅನುಕೂಲವೂ ಆಗಿದೆ. ವಾಹನ ಬಿಡಿಭಾಗಗಳ ಮೇಲಿದ್ದ ಶೇ 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಇಳಿಕೆಯ ಲಾಭ ಬಿಲ್ಲಿನಲ್ಲಿ ಕಾಣುತ್ತಿದೆಯೇ ಎಂದು ಗ್ರಾಹಕರು ಕೇಳಬೇಕು. ರಬ್ಬರಿನ ಭಾಗವಾದರೆ ಪೊಟ್ಟಣದ ಮೇಲಿನ ತಯಾರಿಕೆಯ ತಿಂಗಳನ್ನೂ ನೋಡಬೇಕು, ಏಕೆಂದರೆ ಅಂಗಡಿಯ ಕಪಾಟಿನಲ್ಲಿ ಕೂತೇ ರಬ್ಬರು ಮುದಿಯಾಗುತ್ತದೆ. ಅಪಘಾತವಾದ ಕಾರಿನಿಂದ ಬಿಚ್ಚಿ ಗುಜರಿಗೆ ಬಂದ ಲೋವರ್ ಆರ್ಮ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಅದರ ಬಾಗು ಕಣ್ಣಿಗೆ ಕಾಣುವುದಿಲ್ಲ. ಯಾವ ಕೆಲಸ ಮಾಡಿದರೂ ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸುವುದು ತಪ್ಪಬಾರದು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ 'ರೈಟ್ ಟು ರಿಪೇರ್' (ದುರಸ್ತಿಯ ಹಕ್ಕು) ಪೋರ್ಟಲ್‌ನ ವ್ಯಾಪ್ತಿಗೆ ವಾಹನಗಳೂ ಸೇರಿವೆ. ತಯಾರಿಕೆ ನಿಂತ ಕಾರುಗಳ ಬೋಲ್ಟುಗಳಿಗೆ ಎಷ್ಟು ಟಾರ್ಕ್ ಕೊಡಬೇಕೆಂಬ ಪಟ್ಟಿಯನ್ನು ಕಂಪನಿಗಳು ಅಲ್ಲಿ ಕನ್ನಡದಲ್ಲಿಯೂ ಹಾಕಬೇಕು, ಬುಷ್ ಮತ್ತು ಬಾಲ್ ಜಾಯಿಂಟ್ ಬೂಟ್‌ಗಳನ್ನು ಇಡೀ ಆರ್ಮ್ ಕೊಳ್ಳುವ ಒತ್ತಾಯವಿಲ್ಲದೆ ಬಿಡಿಬಿಡಿಯಾಗಿ ಮಾರಬೇಕು ಎಂದು ಇಲಾಖೆ ಕೇಳಲಿ. ಹಾಗೆಯೇ ಹದಿನೈದು ವರ್ಷ ದಾಟಿದ ಕಾರಿನ ನವೀಕರಣಕ್ಕೆ ತಪಾಸಣೆ ಮಾಡುವಾಗ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್‌ಗಳನ್ನು ಅಲುಗಿಸಿ ನೋಡಿ, ಕಂಡದ್ದನ್ನು ಮಾಲೀಕರಿಗೆ ಬರಹದಲ್ಲಿ ಕೊಡುವ ವ್ಯವಸ್ಥೆಯನ್ನು ಸಾರಿಗೆ ಇಲಾಖೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ,
ಸಿರಸಿ, ಉತ್ತರ ಕನ್ನಡ ಜಿಲ್ಲೆ