ಹೆಸರು ಬರುತ್ತದೆ ಎಂದು ಹೆದರಿದ ಅಳಿಯನಿಗೆ

ದಾವಣಗೆರೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ವಾಟ್ಸಾಪ್ ಬಿಟ್ಟು ಕಾಗದದಲ್ಲಿ ಬರೆದಿದ್ದೀಯ ಅಂದರೆ ವಿಷಯ ನಿನ್ನ ಮನಸ್ಸಿಗೆ ಹತ್ತಿದೆ ಅಂತಲೇ ಲೆಕ್ಕ. ನೀನು ಕೆಲಸ ಬಿಟ್ಟಿದ್ದು, ಹುಬ್ಬಳ್ಳಿಯಲ್ಲಿ ಹಳೇ ಕಾರಿನ ವ್ಯಾಪಾರಕ್ಕೆ ಶೆಡ್ ಹಿಡಿದಿದ್ದು, ನಿಮ್ಮಪ್ಪ ಮಾತು ಬಿಟ್ಟಿದ್ದು ಎಲ್ಲ ಗೊತ್ತಿರುವುದೇ. ಅದನ್ನು ಮತ್ತೆ ಎತ್ತುವುದಿಲ್ಲ. ಕೊನೇ ಪುಟದಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಅದೊಂದೇ ನನಗೆ ನಿದ್ದೆ ಕೊಡುತ್ತಿಲ್ಲ.

"ಮಾವ, ಆರ್‌ಟಿಓದಿಂದ ಡೀಲರ್ ಲೈಸೆನ್ಸ್ ತಗೊಂಡರೆ ನಾನು ಎತ್ತಿದ ಪ್ರತಿ ಕಾರಿಗೂ ನಾನೇ ಮಾಲೀಕ ಅಂತ ಆಗುತ್ತದಂತೆ. ಏನಾದರೂ ಆದರೆ ನನ್ನ ಹೆಸರೇ ಬರುತ್ತದೆ. ಲೈಸೆನ್ಸ್ ಗೀಯ್ಸೆನ್ಸ್ ಬೇಡ ಅಂತ ನಿಮ್ಮ ಹಾಗೇ ಮಾಡಿದರೆ ಏನು ತಪ್ಪು?"

ನಿಮ್ಮ ಹಾಗೆ ಅಂದೆಯಲ್ಲ, ಅದು ಕುಟುಕಿತು. ನೀನು ಚುಚ್ಚಲಿಕ್ಕೆ ಬರೆದದ್ದಲ್ಲ, ಗೊತ್ತು. ಚಿಕ್ಕವನಿದ್ದಾಗ ಪಿ.ಬಿ. ರಸ್ತೆಯ ನಮ್ಮ ಶೆಡ್ಡಿಗೆ ಬಂದು ಸ್ಟೇರಿಂಗ್ ಹಿಡಿದು ಕೂರುತ್ತಿದ್ದವನು ನೀನು. ನಿನಗೆ ಕಂಡದ್ದು ಕಾರುಗಳು, ಟೀ, ನಗು, ಜೇಬಿನಿಂದ ತೆಗೆಯುತ್ತಿದ್ದ ನೋಟಿನ ಕಟ್ಟು. ಉಳಿದದ್ದು ಯಾರಿಗೂ ಕಾಣದ ಹಾಗೆ ನಾನೇ ನೋಡಿಕೊಂಡಿದ್ದೆ.

ನಾವು ವ್ಯಾಪಾರ ಹೇಗೆ ಮಾಡುತ್ತಿದ್ದೆವು ಕೇಳು. ಗಾಡಿಯ ಹೆಸರು ಬದಲಾಯಿಸುವುದಕ್ಕೆ ಮಾರುವವರಿಂದ 29ನೇ ನಂಬರಿನ ಫಾರಂ, 30ನೇ ನಂಬರಿನ ಫಾರಂ ಎರಡಕ್ಕೂ ಸಹಿ ಹಾಕಿಸಿಕೊಳ್ಳುವುದು. ಕೊಳ್ಳುವವರ ಹೆಸರಿನ ಜಾಗ ಖಾಲಿ, ತಾರೀಖಿನ ಜಾಗವೂ ಖಾಲಿ. ಅದನ್ನು ಆರ್‌ಸಿ ಪುಸ್ತಕದೊಳಗೆ ಮಡಿಚಿಟ್ಟರೆ ಮುಗಿಯಿತು. ಕಾರು ಚಿತ್ರದುರ್ಗಕ್ಕೆ ಹೋಗಲಿ, ಶಿವಮೊಗ್ಗಕ್ಕೆ ಹೋಗಲಿ, ಖಾಲಿ ಫಾರಂ ಜೊತೆಗೇ ಹೋಗುತ್ತಿತ್ತು. ಕೊನೆಗೆ ಯಾರ ಮನೆ ಮುಂದೆ ನಿಲ್ಲುತ್ತದೋ ಅವರು ತುಂಬಿಕೊಳ್ಳಲಿ ಅನ್ನುವ ಲೆಕ್ಕ. ಕಾನೂನು ಆಗಲೂ ಇತ್ತು. ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನಮ್ಮ ಶೆಡ್ಡಿಗೆ ಬಂದವರಲ್ಲಿ ಯಾರು ಮಾಡಿದರು? ನಾವು ಯಾರಿಗೆ ಹೇಳಿದೆವು? ಕಮಿಷನ್ ಮಾತ್ರ ಎರಡೂ ಕಡೆಯಿಂದ. ನಮ್ಮ ಸಹಿ ಒಂದು ಕಡೆಯೂ ಇಲ್ಲ. ಅದನ್ನೇ ಬುದ್ಧಿವಂತಿಕೆ ಅಂದುಕೊಂಡಿದ್ದೆ.

ನಿಮ್ಮವ್ವನಿಗೆ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ಇದ್ದರಲ್ಲ, ಅವರ ಫಿಯಟ್ ಮಾರಿಸಿದವನು ನಾನು. 1994ನೇ ಇಸವಿ. ರಿಟೈರ್ ಆದ ದುಡ್ಡಿನಲ್ಲಿ ಆಸೆಪಟ್ಟು ತೆಗೆದುಕೊಂಡ ಕಾರು ಅದು. ಎರಡು ವರ್ಷ ಓಡಿಸಿದರು, ಕಣ್ಣು ಮಂಜಾಯಿತು, ಮಾರಿಬಿಡಯ್ಯ ಅಂದರು. ಸಹಿ ಮಾಡುವಾಗ ಕನ್ನಡಕ ಏರಿಸಿಕೊಂಡು ಕೇಳಿದರು, "ಇಲ್ಲಿ ಖಾಲಿ ಬಿಟ್ಟಿದ್ದೀಯಲ್ಲ?" ಅದೆಲ್ಲ ಆಮೇಲೆ ತುಂಬುತ್ತಾರೆ ಸಾರ್ ಅಂದೆ. ಲೆಕ್ಕದ ಮೇಷ್ಟ್ರು ನೋಡು, ಖಾಲಿ ಜಾಗ ಬಿಟ್ಟರೆ ಸುಮ್ನೆ ಇರುವವರಲ್ಲ. ಆದರೂ ನನ್ನ ಮುಖ ನೋಡಿ ಸಹಿ ಹಾಕಿದರು.

ಕಾರು ಮೂರು ಕೈ ದಾಟಿತು. ಯಾರೂ ತುಂಬಲಿಲ್ಲ. ಇನ್ಶೂರೆನ್ಸ್ ಕೂಡ ಯಾರೂ ಕಟ್ಟಲಿಲ್ಲ. 1996ರಲ್ಲಿ ಹರಿಹರದ ಹತ್ತಿರ ಸೈಕಲ್ಲಿನವನಿಗೆ ಹೊಡೆಯಿತು. ಅವನು ಉಳಿಯಲಿಲ್ಲ. ಕೋರ್ಟಿನ ನೋಟೀಸು ಬಂದದ್ದು ಮೇಷ್ಟ್ರ ಮನೆಗೆ.

ಅವರು ಶೆಡ್ಡಿಗೆ ಬಂದ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಿಸಿಲಿನಲ್ಲಿ ನಡೆದೇ ಬಂದಿದ್ದರು. "ನೀನೇ ಮಾರಿಸಿದ್ದಲ್ಲವೇನಯ್ಯ, ಕೋರ್ಟಿಗೆ ಬಂದು ಒಂದು ಮಾತು ಹೇಳು" ಅಂದರು. ನಾನು ಏನಂದೆ ಗೊತ್ತಾ? "ನನ್ನ ಹೆಸರು ಯಾವ ಕಾಗದದಲ್ಲೂ ಇಲ್ಲವಲ್ಲ ಸಾರ್."

ನಿನ್ನ ಪತ್ರ ಓದಿದಾಗ ಆ ಮಾತು ನನ್ನ ಬಾಯಿಂದ ಮತ್ತೆ ಬಂದ ಹಾಗಾಯಿತು. ನಿನಗೆ ಹೆಸರು ಬರುತ್ತದೆ ಅನ್ನುವ ಭಯ. ನನಗೆ ಬರಲಿಲ್ಲ. ಅದರಿಂದ ನಾನು ಉಳಿದೆ. ಮೇಷ್ಟ್ರು ಸೈಟು ಮಾರಿದರು.

2018ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಕೇಸಿನಲ್ಲಿ ತೀರ್ಪು ಕೊಟ್ಟಿತು. ಅಲ್ಲೂ ಕಾರು ಕೈಯಿಂದ ಕೈಗೆ ಹೋಗಿತ್ತು. ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರ ಅವರ ಮೇಲೇ ಅಂದಿತು. ಪೇಪರಿನಲ್ಲಿ ಓದಿ ಅವತ್ತು ಊಟ ಬಿಟ್ಟಿದ್ದೆ. ನಿಮ್ಮತ್ತೆ ಹೊಟ್ಟೆ ಸರಿಯಿಲ್ಲ ಅಂದುಕೊಂಡಳು.

ಈಗ ನೀನು ಹೇಳುವ ಲೈಸೆನ್ಸಿನ ವಿಷಯ. ಪಕ್ಕದ ಮನೆಯ ವಕೀಲರ ಹತ್ತಿರ ಕೂತು ಓದಿಸಿಕೊಂಡೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. 29ಎ ಫಾರಂನಲ್ಲಿ ಅರ್ಜಿ, 29ಬಿ ಅಂದರೆ ನಿನ್ನ ಕೈಗೆ ಬರುವ ಸರ್ಟಿಫಿಕೇಟ್. ಐದು ವರ್ಷಕ್ಕೆ ನಡೆಯುತ್ತದೆ. ಆಮೇಲೆ ಯಾರಾದರೂ ಕಾರು ತಂದು ನಿನ್ನ ಶೆಡ್ಡಿನಲ್ಲಿ ಬಿಟ್ಟರೆ, 29ಸಿ ಅಂತ ಇದೆ, ಕಾರು ಡೀಲರ್ ಕೈಗೆ ಒಪ್ಪಿಸಿದ್ದೇವೆ ಅಂತ ಆರ್‌ಟಿಓಗೆ ಪೋರ್ಟಲ್ಲಿನಲ್ಲಿ ತಿಳಿಸುವುದು. ಅಲ್ಲಿಂದ ಆ ಕಾರಿನ ಜವಾಬ್ದಾರಿ ನಿನ್ನದು. ಆರ್‌ಸಿಯಲ್ಲಿ ಹಳಬರ ಹೆಸರೇ ಇದ್ದರೂ, ಕಾನೂನಿನ ಲೆಕ್ಕದಲ್ಲಿ ಮಾಲೀಕ ನೀನು. ಹೌದು, ನಿನ್ನ ಗೆಳೆಯರು ಹೇಳಿದ್ದು ಸುಳ್ಳಲ್ಲ.

ಇದನ್ನೇ ವಕೀಲರು ಓದುತ್ತಿದ್ದಾಗ ನಾನು ಎರಡು ಸಲ ನಿಲ್ಲಿಸಿ ಕೇಳಿದೆ. 1994ರಲ್ಲಿ ಹೀಗೊಂದು ಕಾಗದ ಇದ್ದಿದ್ದರೆ ಮೇಷ್ಟ್ರು ಮನೆಯಲ್ಲಿ ತಣ್ಣಗೆ ಇರುತ್ತಿದ್ದರು. ಇದ್ದಿದ್ದರೆ ನಾನು ಸಹಿ ಹಾಕುತ್ತಿದ್ದೆನಾ? ಅದನ್ನು ಕೇಳಬೇಡ.

ನಿನ್ನ ಕಷ್ಟ ನನಗೆ ಅರ್ಥವಾಗದೆ ಇಲ್ಲ. ನೀನು ಮನೆಮಂದಿಗೆ ಮಾರುವವನಲ್ಲ. ಬ್ಯಾಂಕು ಸೀಜ್ ಮಾಡಿದ ಗಾಡಿ, ಶೋರೂಮಿಗೆ ಎಕ್ಸ್‌ಚೇಂಜಿಗೆ ಬಂದ ಗಾಡಿ, ಹತ್ತು ಹತ್ತು ಎತ್ತಿ ಗದಗ, ಹಾವೇರಿ, ಕೊಪ್ಪಳದ ಕನ್ಸಲ್ಟೆಂಟ್ ಡೀಲರುಗಳಿಗೆ ಹೋಲ್‌ಸೇಲ್ ಕೊಡುವವನು. ಅವರು ಏನು ಹೇಳುತ್ತಾರೆ ಅಂತ ನಾನು ಇಲ್ಲೇ ಕೂತು ಹೇಳಬಲ್ಲೆ. "ಗಿರಾಕಿ ಸಿಗುವವರೆಗೂ ನಿಮ್ಮ ಹೆಸರಲ್ಲೇ ಇರಲಿ ಬಿಡಿ ಅಣ್ಣ." ಹೆದರಬೇಕಾದದ್ದು ಆ ಮಾತಿಗೆ. ದುಡ್ಡು ಅವರ ಹತ್ತಿರ, ಕೀ ಅವರ ಹತ್ತಿರ, ಹೆಸರು ನಿನ್ನದು. ಅಂಥವರಿಗೆ ಕೊಡಬೇಡಪ್ಪ. ಅವರ ಹತ್ತಿರವೂ ಸರ್ಟಿಫಿಕೇಟ್ ಇದೆಯಾ ಕೇಳು, ಇಲ್ಲವಾದರೆ ಹೆಸರು ಬದಲಾದ ಮೇಲೆ ಕೀ ಕೊಡು. ಅರ್ಧ ವ್ಯಾಪಾರ ಕೈ ತಪ್ಪುತ್ತದೆ. ಗೊತ್ತು. ಶೆಡ್ ಬಾಡಿಗೆ ನಾನು ಕಟ್ಟುವುದಿಲ್ಲ, ಹೇಳುವುದು ಸುಲಭ.

ಬೇರೆ ಏನು ಹೇಳಲಿ. ನಿನಗೆ ತಿಳಿದದ್ದೇ ಇರುತ್ತದೆ, ಆದರೂ. ಸಾಲದ ಗಾಡಿಯಾದರೆ ಬ್ಯಾಂಕಿನಿಂದ ಸಾಲ ತೀರಿತು ಅನ್ನುವ 35ನೇ ಫಾರಂ ಬಾರದೆ ಮುಟ್ಟಬೇಡ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆದು ನೋಡು, ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ನೀರಿನಲ್ಲಿ ಮುಳುಗಿದ ಕಾರು. 2015ರ ಚೆನ್ನೈ ಮಳೆಯಾದ ಮೇಲೆ ಅಂಥವು ಪಾಲಿಶ್ ಹಾಕಿಸಿಕೊಂಡು ನಮ್ಮ ಕಡೆಗೂ ಬಂದವು. ಜಿಎಸ್‌ಟಿ ಈಗ 18 ಪರ್ಸೆಂಟ್ ಆಗಿದೆಯಂತೆ. ಪೂರ್ತಿ ರೇಟಿನ ಮೇಲಲ್ಲ, ನಿನಗೆ ಉಳಿಯುವ ಮಾರ್ಜಿನ್ ಮೇಲೆ. ಅದನ್ನು ಆಡಿಟರ್ ಹತ್ತಿರ ಕೇಳು, ನನ್ನ ಮಾತು ನೆಚ್ಚಿಕೊಳ್ಳಬೇಡ.

ಓಡಿದ ಕಿಲೋಮೀಟರ್ ಕಡಿಮೆ ತೋರಿಸಲು ಮೀಟರ್ ತಿರುಗಿಸುವ ವಿಷಯ ಬರೆಯಬಾರದು ಅಂತಿದ್ದೆ. ನಮ್ಮ ಕಾಲದಲ್ಲಿ ಕೇಬಲ್ ಬಿಚ್ಚಿ ಡ್ರಿಲ್ಲಿಂಗ್ ಮಿಷಿನ್ನಿಗೆ ಸಿಕ್ಕಿಸಿ ಉಲ್ಟಾ ತಿರುಗಿಸುತ್ತಿದ್ದರು. ತಿರುಗಿಸುತ್ತಿದ್ದೆವು. ಆಯಿತು, ಬರೆದೆ.

ಇನ್ನೊಂದು. ಶೆಡ್ಡಿನಲ್ಲಿರುವ ಗಾಡಿ ಟ್ರಯಲ್ಲಿಗೆ, ರಿಪೇರಿಗೆ, ಪೇಂಟಿಗೆ ಅಂತ ಹೊರಗೆ ಹೋದರೆ ಟ್ರಿಪ್ ರಿಜಿಸ್ಟರಿನಲ್ಲಿ ಬರೆಯಬೇಕು ಅಂತ ಅದೇ ನಿಯಮದಲ್ಲಿದೆ. ನಿನ್ನ ಗೆಳೆಯರ ಮದುವೆಗೆ ಅಂತ ಕಾರು ಕೊಡಬೇಡ. ಯಾರ ಮದುವೆ ಅಂತ ನಿನಗೇ ಗೊತ್ತು. ನಾನು ಫೋಟೋ ನೋಡಿದೆ.

ಮತ್ತೆ ಅದೇ ಮಾತಿಗೆ ಬರುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಹೆಸರು ಬರುತ್ತದೆ ಅಂತ ಹೆದರಿ ಲೈಸೆನ್ಸ್ ಬಿಡಬೇಡ. ಹೆದರಿಕೆ ಇರಲಿ. ಆ ಹೆದರಿಕೆಗೇ ಅವತ್ತೇ 29ಸಿ ಹಾಕುತ್ತೀಯ, ರಾತ್ರಿ ಎದ್ದು ಹೋಗಿ ಕೀ ಎಣಿಸುತ್ತೀಯ. ನನಗೆ ಅಂಥ ಹೆದರಿಕೆ ಒಂದು ದಿನವೂ ಇರಲಿಲ್ಲ. ನಿದ್ದೆ ಚೆನ್ನಾಗಿ ಬರುತ್ತಿತ್ತು. ಮೇಷ್ಟ್ರು ಹೋದಾಗಲೂ ಮನೆ ತನಕ ಹೋಗಲಿಲ್ಲ. ಮಾರ್ಕೆಟ್ಟಿಗೆ ಹೋಗಲು ಅವರ ಮನೆ ಮುಂದಿನ ರಸ್ತೆಯೇ ಹತ್ತಿರ. ಇವತ್ತಿಗೂ ನಾನು ಸುತ್ತಿಕೊಂಡೇ ಹೋಗುತ್ತೇನೆ. ಮೊಣಕಾಲು ನೋವು, ನಡೆದರೆ ಒಳ್ಳೆಯದು ಅಂತ ಮನೆಯಲ್ಲಿ ಹೇಳಿದ್ದೇನೆ.

29ಬಿ ಕೈಗೆ ಬಂದರೆ ಒಂದು ಜೆರಾಕ್ಸ್ ಕಳಿಸು. ನಿನ್ನ ಹೆಸರು ಅದರಲ್ಲಿ ಹೇಗೆ ಅಚ್ಚಾಗಿದೆ ನೋಡಬೇಕು. ಫೀಸಿಗೆ ಕಡಿಮೆ ಬಿದ್ದರೆ ಹೇಳು, ನಿಮ್ಮಪ್ಪನಿಗೆ ತಿಳಿಯುವುದು ಬೇಡ.

ಈ ಪತ್ರ ನಿಮ್ಮವ್ವನ ಕೈಗೆ ಸಿಗದ ಹಾಗೆ ಇಡು. ಮೇಷ್ಟ್ರು ಸೈಟು ಮಾರಿದ್ದು ಅವಳಿಗೆ ಗೊತ್ತು. ಕಾರಿನ ಕೇಸಿಗೆ ಮಾರಿದರು ಅನ್ನುವುದೂ ಗೊತ್ತು. ಆ ಕಾರು ಮಾರಿಸಿದವನು ಯಾರು ಅಂತ ಅವಳು ಯಾವತ್ತೂ ಕೇಳಿಲ್ಲ.

ಇಂತಿ,
ನಿನ್ನ ಮಾವ