ಟ್ಯಾಬ್ ಬೇಡ, ಟಿಪ್ಪಣಿ ಕೊಡಿ: ಪೌರಾಡಳಿತ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪೌರಾಡಳಿತ ಸಚಿವರೇ,

ನಮಸ್ಕಾರ. ನಾನು ಪುರಸಭೆಯೊಂದರ ಸದಸ್ಯೆ, ಮೊದಲ ಬಾರಿಗೆ ಗೆದ್ದು ಬಂದವಳು. ರಸ್ತೆ, ಚರಂಡಿ, ಅನುದಾನ ಕೇಳುವ ಪತ್ರಗಳು ನಿಮಗೆ ಬೇಕಾದಷ್ಟು ಬರುತ್ತವೆ. ಇದು ಅಂಥದ್ದಲ್ಲ. ಸಭೆಯಲ್ಲಿ ಕೈ ಎತ್ತುವ ಮೊದಲು ನಾವು ಓದಬೇಕಾದ ಕಾಗದಗಳ ಬಗ್ಗೆ ಬರೆಯುತ್ತಿದ್ದೇನೆ.

ಸಾಮಾನ್ಯ ಸಭೆಯ ನೋಟಿಸಿನ ಜೊತೆ ಕಾರ್ಯಸೂಚಿ ಬರುತ್ತದೆ. ಮೊದಲ ವಿಷಯ ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು, ಅದರ ಬೆನ್ನಿಗೆ ಜಮಾ-ಖರ್ಚು. ಅಲ್ಲಿಂದ ಮುಂದೆ ಹೆಚ್ಚಿನ ವಿಷಯಗಳ ಕೊನೆಗೆ ಒಂದೇ ಮಾತು: ‘ಕಚೇರಿ ಟಿಪ್ಪಣಿಯಂತೆ’. ವಿಷಯದ ವಿವರವನ್ನು ಕಚೇರಿಯವರು ಬರೆದಿಟ್ಟ ಆ ಟಿಪ್ಪಣಿ ಮಾತ್ರ ನಮ್ಮ ಮನೆಗೆ ಬರುವುದಿಲ್ಲ. ಅದು ಕಡತದಲ್ಲಿರುತ್ತದೆ, ಕಡತ ಶಾಖೆಯಲ್ಲಿರುತ್ತದೆ, ಶಾಖೆಯವರು ಆ ದಿನ ರಜೆಯಲ್ಲಿರುತ್ತಾರೆ. ಟೆಂಡರಿನ ದರ ಅಂದಾಜಿಗಿಂತ ಎಷ್ಟು ಹೆಚ್ಚು, ಮಳಿಗೆಯ ಬಾಡಿಗೆ ಎಷ್ಟು ವರ್ಷದಿಂದ ಬಾಕಿ, ಹೊಸ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗ ಯಾವುದು ಎಂಬುದು ತಿಳಿಯದೆಯೇ ನಾವು ‘ಸರ್ವಾನುಮತದಿಂದ’ ಒಪ್ಪಿರುತ್ತೇವೆ. ಜಮಾ-ಖರ್ಚಿನ ಹಾಳೆಗಳನ್ನು ಸಭೆ ಶುರುವಾಗುವ ಹೊತ್ತಿಗೆ ಮೇಜಿನ ಮೇಲೆ ಇಟ್ಟಿರುತ್ತಾರೆ. ಕರೆಂಟು ಹೋದಾಗ ಬೀಸಿಕೊಳ್ಳುವುದಕ್ಕೆ ಅವು ಬಹಳ ಅನುಕೂಲ.

ನಾವು ಡಿಜಿಟಲ್ ಆಗಿಲ್ಲವೇ ಎಂದರೆ, ವಾಟ್ಸ್‌ಆ್ಯಪ್ ಗುಂಪಿನ ಮಟ್ಟಿಗೆ ಆಗಿದ್ದೇವೆ. ಕಾರ್ಯಸೂಚಿಯ ಪುಟಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಹಾಕುತ್ತಾರೆ. ನಾಲ್ಕನೆಯ ಪುಟ ಮೊದಲು ಬರುತ್ತದೆ, ಎರಡನೆಯದರ ಅಂಚು ಕತ್ತರಿಸಿ ಹೋಗಿರುತ್ತದೆ, ಅಷ್ಟರಲ್ಲಿ ಹಬ್ಬದ ಶುಭಾಶಯಗಳು ಬಂದು ಎಲ್ಲವೂ ಮೇಲಕ್ಕೆ ಸರಿದು ಮಾಯ. ಇದನ್ನು ನಕ್ಕು ಬಿಡಬಹುದಿತ್ತು. ಆದರೆ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯೂ ಇದೇ ದಾರಿಯಲ್ಲಿ ಬರುತ್ತದೆ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಮೇತ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯ್ದೆ ಮಾಡಿದೆ. ನಮ್ಮ ಗುಂಪಿಗೆ ಅದರ ಸುದ್ದಿ ತಲುಪಿದಂತಿಲ್ಲ.

ಹಳೆಯ ನಡಾವಳಿಗಳ ಪಾಡು ಇನ್ನೊಂದು ಬಗೆಯದು. ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿ, ಮುದ್ರಿಸಿ, ಸಹಿ ಹಾಕಿಸಿ, ಮತ್ತೆ ಸ್ಕ್ಯಾನ್ ಮಾಡಿ ಇಡುತ್ತಾರೆ. ಕಂಪ್ಯೂಟರಿನ ಕಣ್ಣಿಗೆ ಅದು ಬರೀ ಚಿತ್ರ. ನನ್ನ ವಾರ್ಡಿನ ನೀರಿನ ಟ್ಯಾಂಕಿನ ಬಗ್ಗೆ ಹಿಂದಿನ ಸದಸ್ಯರ ಅವಧಿಯಲ್ಲಿ ಏನು ಠರಾವಾಗಿತ್ತು ಎಂದು ನೋಡಬೇಕೆಂದರೆ ‘ಟ್ಯಾಂಕ್’ ಎಂದು ಹುಡುಕಿದರೆ ಸಿಗದು. ಪುಟ ಪುಟ ತಿರುವಬೇಕು. ಯೂನಿಕೋಡಿನಲ್ಲಿ ಬರೆದು, ಸಹಿಯಾದ ಪ್ರತಿಯ ಜೊತೆಗೆ ಹುಡುಕಬಲ್ಲ ಪ್ರತಿಯನ್ನೂ ಇಡುವುದಕ್ಕೆ ಒಂದು ರೂಪಾಯಿ ಹೆಚ್ಚುವರಿ ಅನುದಾನವೂ ಬೇಡ.

ನಮ್ಮ ಕೆಳಗೂ ಮೇಲೂ ಕೆಲಸ ನಡೆದಿದೆ ಎಂಬುದೇ ಸಂಕಟ. ಗ್ರಾಮ ಪಂಚಾಯಿತಿಗಳಿಗೆ ‘ಪಂಚತಂತ್ರ’ ತಂತ್ರಾಂಶವಿದೆ. ಹಿಮಾಚಲ ಪ್ರದೇಶದ ವಿಧಾನಸಭೆ 2014ರಲ್ಲೇ ಕಾಗದರಹಿತವಾಯಿತು. ಅದೇ ದಾರಿಯ ರಾಷ್ಟ್ರೀಯ ಇ-ವಿಧಾನ ವ್ಯವಸ್ಥೆಯನ್ನು 2022ರಲ್ಲಿ ನಾಗಾಲ್ಯಾಂಡ್ ಅಳವಡಿಸಿಕೊಂಡಿತು. ಗ್ರಾಮಸಭೆಯ ಧ್ವನಿಮುದ್ರಣ ಕೇಳಿ ತಾನೇ ನಡಾವಳಿ ಬರೆದುಕೊಡುವ ‘ಸಭಾಸಾರ್’ ಎಂಬ ಸಾಧನವನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರಲ್ಲಿ ಹೊರತಂದಿದೆ. ನನಗೆ ಅಷ್ಟು ದೊಡ್ಡ ಆಸೆ ಇಲ್ಲ. ಸಭೆಯಲ್ಲಿ ಏನು ಮಾತಾಡಿದೆವು ಎಂಬುದನ್ನು ಯಂತ್ರ ಬರೆದಿಡುವ ಮೊದಲು, ಏನು ಮಾತಾಡಬೇಕು ಎಂಬುದು ಗೊತ್ತಾಗುವಂತೆ ನಮಗೆ ಟಿಪ್ಪಣಿ ಸಿಗಲಿ.

ಆದ್ದರಿಂದ ಡಿಜಿಟಲ್ ಹೆಸರಿನಲ್ಲಿ ದಯವಿಟ್ಟು ಸದಸ್ಯರಿಗೆ ಟ್ಯಾಬ್ ಖರೀದಿಸಬೇಡಿ. ಅದಕ್ಕೊಂದು ಟೆಂಡರು, ದರದ ತಕರಾರು, ತನಿಖೆಯ ಬೇಡಿಕೆ, ಕೊನೆಗೆ ಆ ಟ್ಯಾಬು ಸದಸ್ಯರ ಮಕ್ಕಳ ಆಟಕ್ಕೆ. ನಮ್ಮಲ್ಲಿ ಬಹುತೇಕರ ಕೈಯಲ್ಲಿ ಮೊಬೈಲ್ ಇದೆ. ಬೇಕಾಗಿರುವುದು ಪೌರಾಡಳಿತ ನಿರ್ದೇಶನಾಲಯದ ಜಾಲತಾಣದಲ್ಲಿ ಪ್ರತಿ ನಗರ ಸ್ಥಳೀಯ ಸಂಸ್ಥೆಗೆ ಒಂದು ಸಭಾ ಪುಟ. ಕಾರ್ಯಸೂಚಿಯ ಪ್ರತಿ ವಿಷಯವನ್ನು ಒತ್ತಿದರೆ ಅದರ ಟಿಪ್ಪಣಿ, ಅಂದಾಜು ಪಟ್ಟಿ, ನಕ್ಷೆ ತೆರೆಯಬೇಕು. ಪ್ರತಿ ಸದಸ್ಯರಿಗೂ ಅವರವರ ಹೆಸರಿನಲ್ಲೇ ಲಾಗಿನ್ ಇರಬೇಕು. ನಾನು ಅದರ ಪಕ್ಕ ಬರೆದುಕೊಳ್ಳುವ ಗುರುತು ನನಗಷ್ಟೇ ಕಾಣಬೇಕು, ಕಚೇರಿಗೆ ಅಲ್ಲ. ಯಾವ ಬಿಲ್ಲಿನ ಬಗ್ಗೆ ಪ್ರಶ್ನೆ ಕೇಳುತ್ತೇನೆಂದು ಮೊದಲೇ ತಿಳಿದರೆ ಉತ್ತರವೂ ಮೊದಲೇ ತಯಾರಾಗುತ್ತದೆ. ಕಣ್ಣು ಮಂಜಾದ ಹಿರಿಯ ಸದಸ್ಯರು ಮುದ್ರಿತ ಪ್ರತಿ ಕೇಳಿದರೆ ಗೊಣಗದೆ ಕೊಡಬೇಕು. ಖಾಸಗಿ ವಿವರ ಮರೆಮಾಡಿದ ಪ್ರತಿ ಊರಿನವರಿಗೂ ತೆರೆದಿರಬೇಕು. ದಾಖಲೆಗಳನ್ನು ಸೂಚಿ ಸಹಿತ ಇಟ್ಟು, ಯಾರೂ ಕೇಳುವ ಮೊದಲೇ ಪ್ರಕಟಿಸಿ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಹೇಳುತ್ತಲೇ ಬಂದಿದೆ.

ಸದಸ್ಯರ ಹೆಸರಿಗೇ ಪ್ರತ್ಯೇಕ ಲಾಗಿನ್ ಬೇಕೆಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ರಾಜ್ಯದ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ನೋಟಿಸು ತಂದ ಜವಾನರು ಬಾಗಿಲಲ್ಲಿ ಕೇಳುವುದು ಮಾತ್ರ ‘ಯಜಮಾನರಿದ್ದಾರಾ?’ ಎಂದು. ಲಕೋಟೆ ಒಡೆಯುವವರು ಯಜಮಾನರು, ಸಹಿ ಹಾಕುವವರು ನಾವು. ಕಾಗದ ನೇರವಾಗಿ ನನ್ನ ಮೊಬೈಲಿಗೆ ಬಂದರೆ ಈ ಪದ್ಧತಿ ಪೂರ್ತಿ ನಿಲ್ಲುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಓದಬೇಕೆಂದಿರುವ ಸದಸ್ಯೆಗೆ ಓದಲು ಸಿಗುತ್ತದೆ.

ಇನ್ನು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’. ಊಟದ ಹೊತ್ತಿಗೆ ಸರಿಯಾಗಿ ಬರುವ ಈ ಬಾಗಿಲಿನಿಂದಲೇ ಕಾಗದವಿಲ್ಲದ ದೊಡ್ಡ ದೊಡ್ಡ ವಿಷಯಗಳು ಒಳಗೆ ಬರುತ್ತವೆ. ಪ್ರವಾಹ, ಸಾಂಕ್ರಾಮಿಕ ರೋಗದಂಥ ನಿಜವಾದ ತುರ್ತು ಬಿಟ್ಟರೆ, ಟಿಪ್ಪಣಿಯನ್ನು ಮುಂಗಡವಾಗಿ ಪುಟಕ್ಕೆ ಏರಿಸದ ಯಾವ ವಿಷಯವನ್ನೂ ನಿರ್ಣಯಕ್ಕೆ ತೆಗೆದುಕೊಳ್ಳಬಾರದು. ಅದಕ್ಕೆ ನಿಯಮ ತಿದ್ದಬೇಕಾದರೆ ತಿದ್ದಿ. ಈ ಒಂದು ಕಟ್ಟು ಇಲ್ಲದಿದ್ದರೆ ಎಂಥ ತಂತ್ರಾಂಶ ತಂದರೂ ಖಾಲಿ ಪುಟವೇ.

ಪ್ರತಿ ಠರಾವಿನ ಮುಂದೆ ಅದು ಈಗ ಯಾರ ಬಳಿ ಇದೆ, ಎಂದಿನಿಂದ ಇದೆ ಎಂದು ಕಾಣುವಂತಾದರೆ ಸಭೆಯ ಅರ್ಧ ಜಗಳವೂ ತಪ್ಪೀತು.

ಈ ಪತ್ರಕ್ಕೆ ಉತ್ತರವನ್ನು ಸುತ್ತೋಲೆಯ ರೂಪದಲ್ಲೇ ಕೊಡಿ. ಅದರ ಪ್ರತಿ ಮುಖ್ಯಾಧಿಕಾರಿಗಳಿಗೆ ಮಾತ್ರವಲ್ಲ, ಸದಸ್ಯರಿಗೂ ನೇರವಾಗಿ ಬರಲಿ.

ಇಂತಿ ತಮ್ಮ ವಿಶ್ವಾಸಿ,
ಪುರಸಭಾ ಸದಸ್ಯೆ